ಮಳೆಗಾಲದ ರಾತ್ರಿಯೂಟಕ್ಕೆ ಪಾಸ್ತಾ, ಸೂಪ್, ಆಲೂಗಡ್ಡೆ: ಕೆಡುವುದು ಎಲ್ಲಿ, ಮಾಡುವ ಕ್ರಮ ಯಾವುದು

ಪಾಸ್ತಾ ಮುದ್ದೆಯಾಯಿತು. ಟೊಮೆಟೊ ಸೂಪಿಗೆ ಹಾಲು ಹಾಕಿದೊಡನೆ ಒಡೆಯಿತು. ಹಿಸುಕಿದ ಆಲೂಗಡ್ಡೆ ಅಂಟಾಗಿ ಸೌಟಿಗೆ ಹಿಡಿದುಕೊಂಡಿತು. ಆರಿದ್ರಾ ಮಳೆ ಹಿಡಿಯುವುದೇ ತಡ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಬರುವ ದೂರುಗಳು ಈ ಮೂರೇ. ಇವರೆಲ್ಲ ಅಡುಗೆ ಬಾರದವರಲ್ಲ. ಕಡುಬು, ಅಕ್ಕಿ ರೊಟ್ಟಿಯನ್ನು ಕಣ್ಣು ಮುಚ್ಚಿಕೊಂಡು ಮಾಡುವವರು. ಆದರೂ ಇಲ್ಲಿ ಕೈ ತಪ್ಪುತ್ತದೆ, ಏಕೆಂದರೆ ಮೂರರಲ್ಲೂ ನೀರಿನ ಲೆಕ್ಕ ಬೇರೆ ಬೇರೆ. ಪಾಸ್ತಾ ಬೆಂದ ನೀರನ್ನು ಉಳಿಸಿಕೊಳ್ಳಬೇಕು, ಸೂಪಿನ ನೀರನ್ನು ಕಂತಿನಲ್ಲಿ ಸೇರಿಸಬೇಕು, ಆಲೂಗಡ್ಡೆಯ ನೀರನ್ನು ಓಡಿಸಬೇಕು. ಬಹುತೇಕರು ಮಾಡುವುದು ಇದರ ತದ್ವಿರುದ್ಧ.

ಕೆಳಗಿನ ಅಳತೆಗಳೆಲ್ಲ ನಾಲ್ವರಿಗೆ. ಲೋಟವೆಂದರೆ 200 ಮಿಲಿಲೀಟರ್, ದೊಡ್ಡ ಚಮಚ 15 ಮಿಲಿಲೀಟರ್, ಚಿಕ್ಕ ಚಮಚ 5 ಮಿಲಿಲೀಟರ್.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಹೊಸದಾಗಿ ಕೊಳ್ಳಬೇಕಾದ್ದು ಏನೂ ಇಲ್ಲ. ಐದು ಲೀಟರ್ ಹಿಡಿಯುವ ಪಾತ್ರೆ, ದಪ್ಪ ತಳದ ಅಗಲವಾದ ಬಾಣಲೆ, ಅನ್ನ ಬಸಿಯುವ ತೂತಿನ ತಟ್ಟೆ ಅಥವಾ ದೊಡ್ಡ ಜರಡಿ, ಮರದ ಸೌಟು, ಬೇಳೆ ಕಡೆಯುವ ಕಡಗೋಲು, ಕಬ್ಬಿಣದ ಕಾವಲಿ. ಜೊತೆಗೆ ಶಾವಿಗೆ ಒರಳು. ಬೆಂದ ಆಲೂಗಡ್ಡೆಯನ್ನು ಹದವಾಗಿ ಪುಡಿಮಾಡಲು ಪಾಶ್ಚಾತ್ಯರ ಅಡುಗೆಮನೆಯಲ್ಲಿ ಬೇರೆಯದೇ ಒಂದು ಒತ್ತುವ ಸಾಧನವಿದೆ. ಆ ಕೆಲಸವನ್ನು ನಮ್ಮ ಒರಳು ಸಲೀಸಾಗಿ ಮಾಡುತ್ತದೆ. ಒರಳಿಲ್ಲದ ಮನೆಯಲ್ಲಿ ಚಕ್ಕುಲಿ ಒತ್ತಿಗೆ ಸಣ್ಣ ತೂತಿನ ಬಿಲ್ಲೆ ಹಾಕಿಕೊಂಡರಾಯಿತು.

ಮಿಕ್ಸಿಯನ್ನು ಟೊಮೆಟೊ ಸೂಪಿಗೆ ಮಾತ್ರ ಮುಟ್ಟಿ. ಆಲೂಗಡ್ಡೆಯ ಹತ್ತಿರಕ್ಕೂ ತರಬೇಡಿ.

ಇಂಡಕ್ಷನ್ ಒಲೆಯನ್ನೇ ನಂಬಿದವರಿಗೆ ಒಂದು ಮಾತು: ಪುನರ್ವಸು, ಪುಷ್ಯ ಮಳೆಯ ಹೊತ್ತಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಅರ್ಧ ಬೆಂದ ಪಾಸ್ತಾ ಬಿಸಿನೀರಿನಲ್ಲೇ ಕುಳಿತರೆ ಅದನ್ನು ಸರಿಪಡಿಸುವ ದಾರಿ ಇಲ್ಲ. ಆ ದಿನಗಳಲ್ಲಿ ಗ್ಯಾಸ್ ಒಲೆಯಲ್ಲೇ ಮಾಡಿ.

## ಪಾಸ್ತಾ

### ಹಂತ 1: ಪೊಟ್ಟಣದ ಹಿಂಬದಿ ಓದಿ

ಅರ್ಧ ಸೋಲು ಅಂಗಡಿಯಲ್ಲೇ ಆಗಿರುತ್ತದೆ. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದು ಎಂದು ಬರೆದಿರಬೇಕು. ಡ್ಯೂರಮ್ ಗಟ್ಟಿ ಜಾತಿಯ ಗೋಧಿ. ಅದರ ಪ್ರೋಟೀನ್ ಪಿಷ್ಟವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಂದ ಮೇಲೂ ಆಕಾರ ಉಳಿಯುತ್ತದೆ. ಚಿಲ್ಲರೆಯಾಗಿ ತೂಗಿ ಕೊಡುವ ಮ್ಯಾಕರೋನಿಯಲ್ಲಿ ಮೈದಾ ಬೆರೆತಿರುವುದು ಸಾಮಾನ್ಯ. ಅದು ಬೇಗ ಬೇಯುತ್ತದೆ, ಬೆಂದಷ್ಟೇ ಬೇಗ ಕರಗಿಯೂ ಹೋಗುತ್ತದೆ. ಸೂಪಿಗೆ ಹಾಕಲು ಅಡ್ಡಿಯಿಲ್ಲ, ಸಾಸಿನಲ್ಲಿ ಹೊರಳಿಸಲು ಬೇಡ.

ಮೊದಲ ಸಲ ಮಾಡುವವರು ಕೊಳವೆಯಾಕಾರದ ಪೆನ್ನೆ ಅಥವಾ ತಿರುಪಿನಾಕಾರದ ಫ್ಯುಸಿಲಿ ಕೊಳ್ಳಿ. ಉದ್ದ ಎಳೆಯ ಸ್ಪಾಗೆಟಿಯ ಹದ ಸಿಗಲು ಸ್ವಲ್ಪ ಅಭ್ಯಾಸ ಬೇಕು. ತಲೆಗೆ 80 ಗ್ರಾಂನಂತೆ 320 ಗ್ರಾಂ ಸಾಕು. ನೋಡಲು ಕಡಿಮೆ ಎನಿಸಿ ಇನ್ನೊಂದು ಹಿಡಿ ಸುರಿಯಬೇಡಿ, ಬೆಂದಾಗ ತೂಕ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

### ಹಂತ 2: ಮೊದಲು ನೀರಿಡಿ, ಆಮೇಲೆ ಬೆಳ್ಳುಳ್ಳಿ ಟೊಮೆಟೊ

ಮೂರು ಲೀಟರ್ ನೀರು ಮುಚ್ಚಳ ಮುಚ್ಚಿದರೂ ಕುದಿಯಲು ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲೇ ಹೆಚ್ಚುವ ಕೆಲಸ ಮುಗಿಸಿಕೊಳ್ಳಿ. ನೀರು ಕುದಿ ಬಂದ ಮೇಲೆ ಒಂದೂವರೆ ದೊಡ್ಡ ಚಮಚ ಪುಡಿ ಉಪ್ಪು ಹಾಕಿ ರುಚಿ ನೋಡಿ. ಊಟಕ್ಕೆ ಬಡಿಸುವ ಸಾರಿನಷ್ಟು ಉಪ್ಪು ನಾಲಿಗೆಗೆ ತಾಗಬೇಕು. ಸಪ್ಪೆ ನೀರಿನಲ್ಲಿ ಬೆಂದ ಪಾಸ್ತಾಕ್ಕೆ ಆಮೇಲೆ ಎಷ್ಟು ಉಪ್ಪು ಉದುರಿಸಿದರೂ ಅದು ಹೊರಮೈಯಲ್ಲೇ ಉಳಿಯುತ್ತದೆ.

ನೀರಿಗೆ ಎಣ್ಣೆ ಹಾಕಬೇಡಿ. ಅದು ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾದ ಮೈಗೆ ಹತ್ತಿಕೊಳ್ಳುತ್ತದೆ, ಆಮೇಲೆ ಸಾಸ್ ಹಿಡಿಯದೆ ಜಾರುತ್ತದೆ. ಅಂಟದಂತೆ ಕಾಯುವುದು ಎಣ್ಣೆಯಲ್ಲ, ಹಾಕಿದ ಮೊದಲ ಎರಡು ನಿಮಿಷ ತಳ ಮುಟ್ಟಿಸಿ ತಿರುಗಿಸುವ ಸೌಟು. ಪಿಷ್ಟ ಬಿಟ್ಟುಕೊಂಡು ಒಂದಕ್ಕೊಂದು ಹಿಡಿಯುವ ಹೊತ್ತು ಅದೇ.

### ಹಂತ 3: ಸಾಸ್ ತಯಾರಾದ ಮೇಲೆಯೇ ಪಾಸ್ತಾ ನೀರಿಗಿಳಿಯಲಿ

ಸಾಸ್ ಪಾಸ್ತಾಕ್ಕಾಗಿ ಕಾದರೆ ನಷ್ಟವಿಲ್ಲ. ಪಾಸ್ತಾ ಸಾಸಿಗಾಗಿ ಕಾದರೆ ತಟ್ಟೆಯಲ್ಲಿ ಉಂಡೆ ಕೂರುತ್ತದೆ. ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದು.

ಸಾದಾ ಟೊಮೆಟೊ ಸಾಸಿಗೆ 600 ಗ್ರಾಂ ಹಣ್ಣು, ಎಂಟು ಎಸಳು ಬೆಳ್ಳುಳ್ಳಿ, ಮೂರು ದೊಡ್ಡ ಚಮಚ ಎಣ್ಣೆ, ಒಂದು ಒಣಮೆಣಸಿನಕಾಯಿ ಬೇಕು. ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ತಣ್ಣನೆಯ ಎಣ್ಣೆಗೇ ಹಾಕಿ, ಆಮೇಲೆ ಒಲೆ ಹಚ್ಚಿ ಸಣ್ಣ ಉರಿಯಲ್ಲಿಡಿ. ಒಗ್ಗರಣೆಯ ಅಭ್ಯಾಸದಲ್ಲಿ ಕಾದ ಎಣ್ಣೆಗೆ ಹಾಕಿದರೆ ಅಂಚು ಕಪ್ಪಾಗಿ ಕಹಿ ಬಿಡುತ್ತದೆ, ಆ ಕಹಿಯನ್ನು ಸಕ್ಕರೆ ಮುಚ್ಚಲಾರದು. ಎಸಳು ಹೊಂಬಣ್ಣಕ್ಕೆ ತಿರುಗುವ ಮುಂಚೆಯೇ ಟೊಮೆಟೊ, ಮೆಣಸಿನಕಾಯಿ, ಉಪ್ಪು ಸೇರಿಸಿ.

ಮಳೆಗಾಲದ ಟೊಮೆಟೊದಲ್ಲಿ ನೀರು ಜಾಸ್ತಿ, ನಾಟಿ ಹಣ್ಣಿನಲ್ಲಿ ಹುಳಿಯೂ ಜಾಸ್ತಿ. ಮುಚ್ಚಳ ತೆಗೆದು ಹದಿನೈದು ಇಪ್ಪತ್ತು ನಿಮಿಷ ಬತ್ತಿಸಿ. ಸೌಟು ಎಳೆದ ಜಾಗದಲ್ಲಿ ಬಾಣಲೆಯ ತಳ ಕ್ಷಣ ಹೊತ್ತು ಕಾಣಬೇಕು, ಅಂಚಿನಲ್ಲಿ ಎಣ್ಣೆ ಬಿಡಬೇಕು. ಹುಳಿ ಹೆಚ್ಚೆನಿಸಿದರೆ ಅಡಿಕೆಯಷ್ಟು ಬೆಲ್ಲ. ಕಾಳುಮೆಣಸನ್ನು ಮಾತ್ರ ಕೊನೆಗೆ, ಆಗಲೇ ಕುಟ್ಟಿ ಹಾಕಿ. ಮನೆಯ ತೋಟದ ಮೆಣಸಿದ್ದೂ ಪೊಟ್ಟಣದ ಪುಡಿ ಬಳಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

### ಹಂತ 4: ಗಡಿಯಾರ ನೋಡಿ, ಆದರೆ ಕಚ್ಚಿಯೂ ನೋಡಿ

ಪೊಟ್ಟಣದ ಮೇಲೆ 10 ನಿಮಿಷ ಎಂದಿದ್ದರೆ 8ನೇ ನಿಮಿಷಕ್ಕೆ ಒಂದನ್ನು ತೆಗೆದು ಕತ್ತರಿಸಿ. ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು. ಚುಕ್ಕೆ ದಪ್ಪಗಿದ್ದರೆ ಇನ್ನೊಂದು ನಿಮಿಷ ಬೇಯಲಿ. ಚುಕ್ಕೆಯೇ ಇಲ್ಲದೆ ಹೊರಮೈ ಲೋಳೆಯಾಗಿದ್ದರೆ ಹೊತ್ತು ಮೀರಿದೆ.

ಇಲ್ಲಿ ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಶಿವಮೊಗ್ಗ ನಗರ ಸುಮಾರು 570 ಮೀಟರ್, ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿವೆ. ಅಂದರೆ ನಮ್ಮಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಪಾಸ್ತಾ ಸ್ವಲ್ಪ ನಿಧಾನವಾಗಿ ಬೇಯುತ್ತದೆ. ಒಂದು ನಿಮಿಷ ಆಚೀಚೆಯಾದರೆ ಗಾಬರಿ ಬೇಡ. ಪೊಟ್ಟಣದ ಸಮಯಕ್ಕಿಂತ ನಿಮ್ಮ ಹಲ್ಲನ್ನು ನಂಬಿ.

### ಹಂತ 5: ಬಸಿಯುವ ಮುನ್ನ ಎರಡು ಲೋಟ ನೀರು ತೆಗೆದಿಡಿ

ಈ ಹಂತವನ್ನು ಎಲ್ಲರೂ ಮರೆಯುತ್ತಾರೆ. ಆದ್ದರಿಂದ ಲೋಟವನ್ನು ಬಸಿಯುವ ತಟ್ಟೆಯೊಳಗೇ ಇಟ್ಟುಬಿಡಿ, ತಟ್ಟೆಗೆ ಕೈ ಹಾಕಿದಾಗ ನೆನಪಾಗುತ್ತದೆ. ಬೆಂದ ನೀರಿನಲ್ಲಿ ಪಿಷ್ಟ ಕರಗಿರುತ್ತದೆ. ಎಣ್ಣೆ ಮತ್ತು ಟೊಮೆಟೊ ರಸವನ್ನು ಬೆಸೆದು ಪಾಸ್ತಾಕ್ಕೆ ಅಂಟಿಸುವುದು ಅದೇ. ಅನ್ನ ಬಸಿದ ಗಂಜಿ ತಿಳಿಯನ್ನು ಚೆಲ್ಲದೆ ಸಾರಿಗೆ ಬೆರೆಸುವ ಮನೆಗಳಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬಸಿದ ಮೇಲೆ ತಣ್ಣೀರು ಸುರಿಯಬೇಡಿ. ಸುರಿದರೆ ಪಾಸ್ತಾ ಬಿಡಿಬಿಡಿಯಾಗುವುದೇನೋ ನಿಜ, ಆದರೆ ಬೇಕಾದ ಪಿಷ್ಟವೆಲ್ಲ ತೊಳೆದು ಹೋಗುತ್ತದೆ. ತಣ್ಣನೆಯ ಸಲಾಡ್ ಮಾಡುವವರಿಗೆ ಮಾತ್ರ ಆ ಕ್ರಮ.

### ಹಂತ 6: ಬಾಣಲೆಯಲ್ಲಿ ಬೆಸೆಯುವುದು

ನೀರು ಪೂರ್ತಿ ಸೋರುವ ತನಕ ಕಾಯದೆ ಪಾಸ್ತಾವನ್ನು ಬಿಸಿ ಸಾಸಿಗೆ ಹಾಕಿ. ಅರ್ಧ ಲೋಟ ಪಾಸ್ತಾ ನೀರು ಹಾಕಿ, ದೊಡ್ಡ ಉರಿಯಲ್ಲಿ ಒಂದೆರಡು ನಿಮಿಷ ಹೊರಳಿಸಿ. ಉಳಿದ ಬಿಳಿ ಚುಕ್ಕೆ ಸಾಸನ್ನು ಹೀರಿಕೊಂಡು ಬೇಯುವುದು ಈಗ. ಬಾಣಲೆಯ ತಳದಲ್ಲಿ ತೆಳು ರಸ ಇನ್ನೂ ಓಡಾಡುತ್ತಿರುವಾಗಲೇ ಒಲೆ ಆರಿಸಿ, ಆಮೇಲೆ ಬೆಣ್ಣೆ ಅಥವಾ ತುರಿದ ಚೀಸ್ ಸೇರಿಸಿ. ಕುದಿಯುವ ಬಾಣಲೆಗೆ ಚೀಸ್ ಬಿದ್ದರೆ ಕೊಬ್ಬು ಬೇರೆಯಾಗಿ, ಉಳಿದದ್ದು ಗಂಟುಗಂಟಾಗುತ್ತದೆ. ಬಡಿಸುವ ಹೊತ್ತಿಗೆ ಸ್ವಲ್ಪ ನೀರಾಗಿ ಕಂಡರೆ ಒಳ್ಳೆಯದೇ, ಮಳೆಯ ಥಂಡಿಗೆ ತಟ್ಟೆಯಲ್ಲಿ ಬಲು ಬೇಗ ಗಟ್ಟಿಯಾಗುತ್ತದೆ.

ಬೇಯಿಸುವಾಗ ಗಮನಿಸಬೇಕಾದ ಸೂಚನೆಗಳು: ನೊರೆ ಉಕ್ಕಿ ಪಾತ್ರೆಯ ಬಾಯಿಗೆ ಬಂದರೆ ನೀರು ಕಡಿಮೆಯಾಗಿದೆ, ಇಲ್ಲವೇ ಮುಚ್ಚಳ ಮುಚ್ಚಿದ್ದೀರಿ. ಪಾಸ್ತಾ ಹಾಕಿದ ಮೇಲೆ ಮುಚ್ಚಳ ಬೇಡ. ಇದೇ ನೊರೆಯ ಕಾರಣಕ್ಕೆ ಪಾಸ್ತಾವನ್ನು ಕುಕ್ಕರಿನಲ್ಲಿ ಸೀಟಿ ಹೊಡೆಸುವುದನ್ನು ನಾನು ಒಪ್ಪುವುದಿಲ್ಲ. ನೊರೆ ಆವಿ ಹೋಗುವ ರಂಧ್ರಕ್ಕೆ ಅಡ್ಡ ನಿಲ್ಲಬಹುದು, ಒಳಗಿನ ಹದವನ್ನು ನೋಡುವ ದಾರಿಯೂ ಇರುವುದಿಲ್ಲ.

### ಬಿಳಿ ಸಾಸ್ ಬೇಕೆನ್ನುವವರಿಗೆ

ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ ಅಷ್ಟೇ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲನ್ನು ಒಮ್ಮೆಲೇ ಸುರಿಯದೆ ಮೊದಲು ಕಾಲು ಲೋಟ ಹಾಕಿ, ಅದು ಪೂರ್ತಿ ಬೆರೆತ ಮೇಲೆ ಮುಂದಿನ ಕಾಲು ಲೋಟ. ಗಂಟಾದರೆ ಸೌಟಿನಿಂದ ಗುದ್ದಾಡದೆ ಜರಡಿಯಲ್ಲಿ ಸೋಸಿಬಿಡಿ. ಸೌಟಿನ ಬೆನ್ನಿಗೆ ತೆಳ್ಳಗೆ ಅಂಟಿ ನಿಂತರೆ ಸಾಕು, ಅದಕ್ಕಿಂತ ಗಟ್ಟಿ ಮಾಡಿದರೆ ಊಟದ ಹೊತ್ತಿಗೆ ಹಲ್ವದ ಹದಕ್ಕೆ ಬಂದಿರುತ್ತದೆ.

## ಸೂಪ್

### ಟೊಮೆಟೊ ಸೂಪ್ ಒಡೆಯದಂತೆ ಮಾಡುವುದು

ಹಂತ 1. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಬಾಡಿಸಿ. ಎಂಟು ಟೊಮೆಟೊ, ಒಂದು ಕ್ಯಾರೆಟ್ ಹೆಚ್ಚಿ ಹಾಕಿ. ಕ್ಯಾರೆಟ್ ಇರುವುದು ಹುಳಿ ತಗ್ಗಿಸಲು, ಸಕ್ಕರೆಗಿಂತ ಅದು ಮೇಲು.

ಹಂತ 2. ತರಕಾರಿ ಮುಳುಗುವಷ್ಟೇ ಬಿಸಿನೀರು ಹಾಕಿ. ಸೂಪ್ ಎಂದೊಡನೆ ಅರ್ಧ ಪಾತ್ರೆ ನೀರು ತುಂಬುವುದು ಸಾಮಾನ್ಯ ತಪ್ಪು. ತೆಳ್ಳಗಾದ ಸೂಪನ್ನು ಗಟ್ಟಿ ಮಾಡುವುದು ಕಷ್ಟ, ಗಟ್ಟಿಯಾದದ್ದನ್ನು ತೆಳ್ಳಗೆ ಮಾಡುವುದು ಕ್ಷಣದ ಕೆಲಸ. ಕ್ಯಾರೆಟ್ ಮೆತ್ತಗಾಗುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಬೇಯಿಸಿ.

ಹಂತ 3. ಆರಿಸಿ ರುಬ್ಬಿ. ಇದು ಸಲಹೆಯಲ್ಲ, ಎಚ್ಚರಿಕೆ. ಬಿಸಿ ದ್ರವವನ್ನು ಮಿಕ್ಸಿ ಜಾರಿಗೆ ತುಂಬಿ ತಿರುಗಿಸಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ, ಕೈ ಮುಖ ಸುಡುತ್ತದೆ. ಉಗುರುಬೆಚ್ಚಗಾದ ಮೇಲೆ, ಜಾರಿನ ಅರ್ಧಕ್ಕಿಂತ ಕಡಿಮೆ ತುಂಬಿ ರುಬ್ಬಿ. ಸೋಸಿ ಮತ್ತೆ ಬಿಸಿಗಿಡಿ. ಉಪ್ಪು, ಕಾಳುಮೆಣಸು ಈಗ.

ಹಂತ 4. ಹಾಲಿನ ವಿಷಯ. ಟೊಮೆಟೊ ಹುಳಿ, ಹಾಲಿಗೆ ಹುಳಿಯೂ ಬಿಸಿಯೂ ಒಟ್ಟಿಗೆ ತಾಗಿದರೆ ಒಡೆಯುವುದು ಸಹಜ. ಕೊಬ್ಬು ಹೆಚ್ಚಿರುವ ಕೆನೆ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಒಲೆ ಆರಿಸಿ ಎರಡು ದೊಡ್ಡ ಚಮಚ ಕೆನೆ ಕಡೆದು ಬೆರೆಸುವುದೇ ನೇರವಾದ ದಾರಿ. ಹಾಲೇ ಬೇಕೆಂದರೆ ಅರ್ಧ ಲೋಟ ತಣ್ಣನೆಯ ಹಾಲಿಗೆ ಒಂದು ಚಿಕ್ಕ ಚಮಚ ಮೈದಾ ಕದಡಿ, ಬೇರೆ ಪಾತ್ರೆಯಲ್ಲಿ ಮಂದವಾಗುವವರೆಗೆ ಕುದಿಸಿ. ಅದಕ್ಕೆ ಒಂದು ಸೌಟು ಸೂಪ್ ಬೆರೆಸಿ, ಆಮೇಲೆ ಆ ಮಿಶ್ರಣವನ್ನು ಸೂಪಿಗೆ ಹಾಕಿ. ಮತ್ತೆ ಕುದಿಸಬೇಡಿ. ಅಡುಗೆ ಸೋಡಾ ಹಾಕಿದರೆ ಹುಳಿ ಮುರಿಯುತ್ತದೆ ಎನ್ನುವುದು ಸರಿಯೇ, ಆದರೆ ಚಿಟಿಕೆ ಮೀರಿದರೆ ಸಾಬೂನಿನ ರುಚಿ. ನಾನು ಹಾಕುವುದಿಲ್ಲ. ಮಕ್ಕಳಿಗೆ ಇಷ್ಟವಾಗುವಂತೆ ಮೃದುವಾಗಬೇಕಾದರೆ ನೆನೆಸಿದ ಎಂಟು ಹತ್ತು ಗೋಡಂಬಿಯನ್ನು ಟೊಮೆಟೊ ಜೊತೆಗೇ ರುಬ್ಬಿ, ಒಡೆಯುವ ಚಿಂತೆಯೇ ಇರುವುದಿಲ್ಲ.

ಅಂಚಿನಲ್ಲಿ ಸಣ್ಣ ಬಿಳಿ ಕಣಗಳು ಕಾಣತೊಡಗಿದರೆ ಒಡೆಯುವ ಮೊದಲ ಲಕ್ಷಣ ಅದು. ಕೂಡಲೇ ಒಲೆಯಿಂದ ಇಳಿಸಿ, ಆರಿದ ಮೇಲೆ ಇನ್ನೊಮ್ಮೆ ಮಿಕ್ಸಿಗೆ ಹಾಕಿ. ನೋಟ ಬಹುಪಾಲು ಸರಿಹೋಗುತ್ತದೆ.

### ಹುರುಳಿ ಕಟ್ಟಿನ ಸೂಪ್

ಪೊಟ್ಟಣದ ಸೂಪಿಗೆ ಹಣ ಕೊಡುವ ಮುನ್ನ ಇದನ್ನು ಮಾಡಿ ನೋಡಿ. ಒಂದು ಲೋಟ ಹುರುಳಿಯಲ್ಲಿ ಕಲ್ಲು ಆರಿಸಿ, ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಆರು ಲೋಟ ಹೊಸ ನೀರಿನೊಂದಿಗೆ ಕುಕ್ಕರಿಗಿಡಿ. ಕಾಳಿದ್ದಾಗ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಐದಾರು ಸೀಟಿಯ ನಂತರ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು ಇಳಿಸಿ, ಒತ್ತಡ ತಾನಾಗಿ ಇಳಿಯಲಿ.

ಕಟ್ಟು ಬಸಿದುಕೊಳ್ಳಿ. ಬೆಂದ ಕಾಳಿನಲ್ಲಿ ಮೂರು ದೊಡ್ಡ ಚಮಚದಷ್ಟನ್ನು ಅರೆದು ಕಟ್ಟಿಗೆ ಸೇರಿಸಿದರೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಇಲ್ಲದೆಯೇ ಮಂದವಾಗುತ್ತದೆ. ಉಳಿದ ಕಾಳು ಮರುದಿನದ ಪಲ್ಯಕ್ಕೆ. ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಒಗ್ಗರಣೆ ಮಾಡಿ ಕಟ್ಟು ಸುರಿದು ಐದು ನಿಮಿಷ ಕುದಿಸಿ. ವಾಟೆ ಹುಳಿ ಇದ್ದರೆ ಒಂದು ತುಂಡು, ಇಲ್ಲದಿದ್ದರೆ ಸ್ವಲ್ಪ ಹುಣಸೆ ರಸ. ಕುಟ್ಟಿದ ಮೆಣಸು ಕೊನೆಗೆ. ಒಂದು ಹಿಡಿ ಮ್ಯಾಕರೋನಿಯನ್ನು ಬೇರೆ ಬೇಯಿಸಿ ಇದಕ್ಕೆ ಹಾಕಿದರೆ ಹೊಟ್ಟೆ ತುಂಬುವ ಊಟ. ಸೂಪಿನಲ್ಲೇ ಬೇಯಿಸಿದರೆ ಕಟ್ಟನ್ನೆಲ್ಲ ಅದೇ ಕುಡಿದುಬಿಡುತ್ತದೆ.

### ಕಾರ್ನ್‌ಫ್ಲೋರ್ ಮತ್ತು ಅಣಬೆ ಕುರಿತು

ಕಾರ್ನ್‌ಫ್ಲೋರನ್ನು ನೇರವಾಗಿ ಬಿಸಿ ಸೂಪಿಗೆ ಉದುರಿಸಿದರೆ ಗಂಟು ಖಂಡಿತ. ತಣ್ಣೀರಿನಲ್ಲಿ ಕದಡಿ, ಸೂಪ್ ಕುದಿಯುತ್ತಿರುವಾಗ ಸುರಿದು ಒಂದು ನಿಮಿಷ ತಿರುಗಿಸಿ. ನಾಲ್ಕು ಲೋಟ ಸೂಪಿಗೆ ಒಂದೂವರೆ ದೊಡ್ಡ ಚಮಚ ಮೀರಬಾರದು. ಹಾಕಿದ ಮೇಲೆ ಬಹಳ ಹೊತ್ತು ಕುದಿಸಿದರೆ ಅದರ ಹಿಡಿತ ಸಡಿಲಿ ಸೂಪ್ ಮತ್ತೆ ತೆಳ್ಳಗಾಗುತ್ತದೆ.

ಮಳೆ ಬಿದ್ದು ಗುಡುಗು ಸಿಡಿಲು ಕಂಡ ಮೇಲೆ ಹುತ್ತದ ಬಳಿ, ತೋಟದಲ್ಲಿ ಅಣಬೆ ಏಳುತ್ತವೆ. ಸೂಪಿಗೆ ಆಸೆಯಾಗುತ್ತದೆ. ಹಿರಿಯರು ತಲೆಮಾರಿನಿಂದ ಕಂಡು ತಿಂದ ಅಣಬೆ ಎಂದು ಖಾತ್ರಿಯಿಲ್ಲದಿದ್ದರೆ ಮುಟ್ಟಲೇಬೇಡಿ. ಬೇಯಿಸಿದರೆ ವಿಷ ಹೋಗುತ್ತದೆ, ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಎಂಬ ಮಾತುಗಳೆರಡೂ ಸುಳ್ಳು, ಪ್ರಾಣಕ್ಕೇ ಎರವಾಗುವ ಸುಳ್ಳು. ಅಂಗಡಿಯಲ್ಲಿ ಸಿಗುವ ಬೆಳೆಸಿದ ಅಣಬೆಯಿಂದಲೇ ಸೂಪ್ ಮಾಡಿ.

## ಆಲೂಗಡ್ಡೆ

### ಹಂತ 1: ಗಡ್ಡೆ ಆರಿಸುವುದು

ಹಾಸನದ ಕಡೆ ಮುಂಗಾರಿನಲ್ಲಿ ಬಿತ್ತಿದ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಉಗುರು ತಾಗಿದರೆ ಸಿಪ್ಪೆ ಸುಲಿಯುವ ಈ ಹೊಸ ಗಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಹೋಳು ಉಳಿಯಬೇಕಾದ ಸೂಪಿಗೆ, ಪಲ್ಯಕ್ಕೆ ಅದು ಚೆನ್ನ. ಹಿಸುಕಲು, ಹುರಿಯಲು ದಪ್ಪ ಸಿಪ್ಪೆಯ ಹಳೆಯ ಗಡ್ಡೆ ಬೇಕು. ಎರಡನ್ನೂ ಬೆರೆಸಿ ಬೇಯಿಸಿದರೆ ಒಂದು ಕರಗಿದ ಮೇಲೂ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ.

ಹಸಿರು ತಿರುಗಿದ ಭಾಗದಲ್ಲಿ ಸೊಲನೈನ್ ಎಂಬ ವಿಷಕಾರಿ ಅಂಶ ಸೇರಿಕೊಂಡಿರುವ ಸಂಭವ ಹೆಚ್ಚು, ಬೇಯಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪವಿದ್ದರೆ ಆಳವಾಗಿ ಕೆತ್ತಿ ತೆಗೆಯಿರಿ, ಬಹುಪಾಲು ಹಸಿರಾಗಿದ್ದರೆ ಅಥವಾ ಮೊಳಕೆ ಬಂದು ಸುಕ್ಕಾಗಿದ್ದರೆ ಗೊಬ್ಬರದ ಗುಂಡಿಗೆ ಹಾಕಿ. ಬೆಂದದ್ದು ಕಹಿಯಾಗಿದ್ದರೆ ಉಗುಳಿಬಿಡಿ.

ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿಗೆ ಪಿಷ್ಟ ಸಕ್ಕರೆಯಾಗಿ, ಹುರಿದಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಮಳೆಗಾಲದ ಥಂಡಿಗೆ ಕೊಳೆಯದಂತೆ ಬಿದಿರಿನ ಬುಟ್ಟಿಯಲ್ಲಿ ಗಾಳಿಯಾಡುವಂತೆ, ಬೆಳಕು ಬೀಳದ ಕಡೆ, ಈರುಳ್ಳಿಯಿಂದ ದೂರ ಇಡಿ. ವಾರಕ್ಕೊಮ್ಮೆ ಬುಟ್ಟಿ ಸುರಿದು ನೋಡಿ, ಕೊಳೆತ ಒಂದು ಗಡ್ಡೆ ಉಳಿದವನ್ನೂ ಕೆಡಿಸುತ್ತದೆ.

### ಹಂತ 2: ತಣ್ಣೀರಿನಿಂದ ಶುರು

ಪಾಸ್ತಾಕ್ಕೆ ಕುದಿನೀರು, ಆಲೂಗಡ್ಡೆಗೆ ತಣ್ಣೀರು. ದಪ್ಪ ಗಡ್ಡೆಯನ್ನು ಕುದಿನೀರಿಗೆ ಹಾಕಿದರೆ ನಡುಭಾಗ ಬೇಯುವಷ್ಟರಲ್ಲಿ ಹೊರಭಾಗ ಕದಡಿ ಹೋಗಿರುತ್ತದೆ. ಒಂದು ಕಿಲೋ ಗಡ್ಡೆಯನ್ನು ಸಿಪ್ಪೆ ಸಮೇತ, ಒಂದೇ ಗಾತ್ರದವನ್ನು ಆರಿಸಿ, ಉಪ್ಪು ಹಾಕಿದ ತಣ್ಣೀರಿನಲ್ಲಿಟ್ಟು ಮೆಲ್ಲಗೆ ಕುದಿಸಿ. ಗಾತ್ರ ನೋಡಿಕೊಂಡು 20ರಿಂದ 30 ನಿಮಿಷ. ಚಾಕು ಒತ್ತಡವಿಲ್ಲದೆ ಇಳಿದು, ಎತ್ತಿದರೆ ಗಡ್ಡೆ ತಾನಾಗಿ ಜಾರಬೇಕು.

ಕುಕ್ಕರೇ ಬೇಕೆನ್ನುವವರು ಗಡ್ಡೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಗಡ್ಡೆ. ಮುಳುಗಿ ಬೆಂದದ್ದು ಸಿಪ್ಪೆ ಒಡೆದು ನೀರು ಕುಡಿಯುತ್ತದೆ. ಆಮೇಲೆ ಬೆಣ್ಣೆಗೂ ಹಾಲಿಗೂ ಅದರಲ್ಲಿ ಜಾಗವಿರುವುದಿಲ್ಲ.

### ಹಂತ 3: ನೀರು ಓಡಿಸಿ, ಬಿಸಿಯಲ್ಲೇ ಒತ್ತಿ

ಬಸಿದು, ಸಿಪ್ಪೆ ಸುಲಿದು, ಅದೇ ಬಿಸಿ ಪಾತ್ರೆಗೆ ಮತ್ತೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಅಲುಗಾಡಿಸಿ. ಆವಿ ಎದ್ದು ಹೋಗಿ ಮೈ ಬೆಳ್ಳಗೆ ಹಿಟ್ಟುಹಿಟ್ಟಾಗಬೇಕು. ಬೇಸಿಗೆಯಲ್ಲಿ ಬಿಟ್ಟರೂ ನಡೆದೀತು, ಗಾಳಿಯೇ ಒದ್ದೆಯಾಗಿರುವ ಮಳೆಗಾಲದಲ್ಲಿ ಈ ಹಂತ ತಪ್ಪಿಸುವಂತಿಲ್ಲ.

ಈಗ ಶಾವಿಗೆ ಒರಳು. ಬಿಸಿಯಿರುವಾಗಲೇ ಒಂದೇ ಸಲ ಒತ್ತಿ, ಎರಡನೇ ಸಲ ಬೇಡ. ಪಿಷ್ಟದ ಕಣಗಳು ಜಜ್ಜಿ ಒಡೆದಷ್ಟೂ ಅಂಟು ಹೆಚ್ಚುತ್ತದೆ, ಮಿಕ್ಸಿ ಅದನ್ನೇ ಕ್ಷಣಾರ್ಧದಲ್ಲಿ ಮಾಡುತ್ತದೆ. ಹಾಗೆ ಅಂಟಾದದ್ದನ್ನು ಹಿಂದಕ್ಕೆ ತರುವ ಉಪಾಯವಿಲ್ಲ. ಅಕ್ಕಿ ಹಿಟ್ಟು, ಹಸಿಮೆಣಸು, ಕೊತ್ತಂಬರಿ ಕಲಸಿ ಕಾವಲಿಯ ಮೇಲೆ ರೊಟ್ಟಿ ತಟ್ಟುವುದೇ ಲೇಸು.

### ಹಂತ 4: ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು

80 ಗ್ರಾಂ ಬೆಣ್ಣೆಯನ್ನು ಮೊದಲು ಬೆರೆಸಿ. ಕೊಬ್ಬು ಪಿಷ್ಟಕ್ಕೆ ಹೊದಿಕೆಯಾದ ಮೇಲೆ ಹಾಲು ಹಾಕಿದರೆ ಅಂಟು ಕಡಿಮೆ. ಮುಕ್ಕಾಲು ಲೋಟ ಹಾಲು ಬಿಸಿಯಾಗಿಯೇ ಇರಲಿ, ಸ್ವಲ್ಪ ಸ್ವಲ್ಪವೇ ಹಾಕಿ ಮರದ ಸೌಟಿನಿಂದ ಮಡಚಿದಂತೆ ಕಲಸಿ. ಉಪ್ಪು, ಮೆಣಸು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿದ್ದರೆ ಹಾಲು ಕಡಿಮೆ ಮಾಡಿ.

### ಕಾವಲಿಯಲ್ಲಿ ಗರಿಯಾಗಿಸಲು

ಮುಕ್ಕಾಲು ಬೆಂದ ಹೋಳುಗಳನ್ನು ಬಸಿದು, ಆರಿಸಿ, ಮುಚ್ಚಿದ ಪಾತ್ರೆಯಲ್ಲಿ ಎರಡು ಸಲ ಕುಲುಕಿ ಅಂಚು ಒರಟು ಮಾಡಿ. ಕಾದ ಕಬ್ಬಿಣದ ಕಾವಲಿಗೆ ಎಣ್ಣೆ ಹಾಕಿ, ಒಂದರ ಮೇಲೊಂದು ಬೀಳದಂತೆ ಹರಡಿ. ಐದು ನಿಮಿಷ ಮುಟ್ಟಬೇಡಿ. ಕೈ ಸುಮ್ಮನಿರದೆ ತಿರುವುತ್ತಲೇ ಇರುವವರಿಗೆ ಗರಿ ಎಂದೂ ಸಿಗುವುದಿಲ್ಲ. ತಳ ತಾನಾಗಿ ಬಿಟ್ಟುಕೊಂಡಾಗ ತಿರುವಿ. ಜಜ್ಜಿದ ಬೆಳ್ಳುಳ್ಳಿ ಇಳಿಸುವ ಒಂದು ನಿಮಿಷ ಮುಂಚೆ ಮಾತ್ರ.

## ಒಂದೇ ಒಲೆ, ಒಂದೇ ಪಾತ್ರೆ

ಇಟಲಿಯ ನೇಪಲ್ಸ್ ಕಡೆ ಪಾಸ್ತಾ ಮತ್ತು ಆಲೂಗಡ್ಡೆಯನ್ನು ಒಟ್ಟಿಗೆ ಬೇಯಿಸುವ ಮನೆಯಡುಗೆಯೊಂದಿದೆ. ಪೊಟ್ಟಣಗಳ ತಳದಲ್ಲಿ ಉಳಿದ ಬೇರೆ ಬೇರೆ ಆಕಾರದ ಪಾಸ್ತಾ ಚೂರುಗಳನ್ನು ಅದಕ್ಕೆ ಹಾಕುತ್ತಾರೆ, ಕೊನೆಗೆ ಹೊಗೆಯಾಡಿಸಿದ ಪ್ರೊವೊಲಾ ಚೀಸ್ ಸೇರಿಸುತ್ತಾರೆ. ನಮಗೆ ಸಿಗುವ ಸಾದಾ ಚೀಸ್ ನಡೆಯುತ್ತದೆ. ಮೇಲಿನ ಮೂರೂ ಲೆಕ್ಕಗಳು ಇದರಲ್ಲಿ ಒಟ್ಟಿಗೆ ಬರುವುದರಿಂದ ಕ್ರಮ ತಪ್ಪಬಾರದು.

ಹಂತ 1. ಪಕ್ಕದ ಒಲೆಯಲ್ಲಿ ಏಳು ಲೋಟ ನೀರು ಬಿಸಿಗಿಡಿ. ಒಲೆ ಒಂದೇ ಇದ್ದರೆ ಮೊದಲೇ ಕಾಯಿಸಿ ಫ್ಲಾಸ್ಕಿಗೆ ತುಂಬಿ.

ಹಂತ 2. ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಅರ್ಧ ಕ್ಯಾರೆಟ್ ಬಾಡಿಸಿ. ಅರ್ಧ ಕಿಲೋ ಹಳೆಯ ಆಲೂಗಡ್ಡೆಯನ್ನು ಕಡಲೆಕಾಯಿ ಗಾತ್ರಕ್ಕೆ ಹೆಚ್ಚಿ ಹಾಕಿ, ಮೂರು ನಿಮಿಷ ಹುರಿಯಿರಿ. ತಳಕ್ಕೆ ಹಿಡಿದರೆ ಹೆದರಬೇಡಿ, ಕೆರೆದು ತೆಗೆಯಿರಿ, ರುಚಿ ಅದರಲ್ಲೇ ಇದೆ.

ಹಂತ 3. ಮೂರು ಲೋಟ ಬಿಸಿನೀರು, ಉಪ್ಪು ಹಾಕಿ, ಹೋಳಿನ ಮೂಲೆಗಳು ಕರಗುವವರೆಗೆ ಬೇಯಿಸಿ. ಟೊಮೆಟೊ ಬೇಕಿದ್ದರೆ ಇದಾದ ಮೇಲೆಯೇ. ಹುಳಿ ಬಿದ್ದ ನೀರಿನಲ್ಲಿ ಆಲೂಗಡ್ಡೆ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಎಷ್ಟು ಕುದಿಸಿದರೂ ಸೂಪಿನ ಗಡ್ಡೆ ಕಚಕಚ ಎನ್ನುತ್ತದೆ ಎಂದು ಬರೆಯುವವರೆಲ್ಲ ಟೊಮೆಟೊ ಮೊದಲು ಹಾಕಿದವರು. ಕಡಗೋಲಿನಿಂದ ನಾಲ್ಕು ಸುತ್ತು ಕಡೆಯಿರಿ, ಅರ್ಧ ಕರಗಲಿ, ಅರ್ಧ ಹೋಳಾಗಿರಲಿ.

ಹಂತ 4. 200 ಗ್ರಾಂ ಸಣ್ಣ ಪಾಸ್ತಾ ಹಾಕಿ, ಇನ್ನೆರಡು ಲೋಟ ಬಿಸಿನೀರು ಸುರಿಯಿರಿ. ಇಲ್ಲಿಂದ ಮುಂದೆ ಒಲೆಯ ಬಳಿಯೇ ನಿಲ್ಲಬೇಕು, ಪಿಷ್ಟ ಹೆಚ್ಚಿರುವುದರಿಂದ ತಳ ಸೀಯುವುದು ಬೇಗ. ಬತ್ತಿದಂತೆ ಅರ್ಧ ಅರ್ಧ ಲೋಟ ನೀರು ಸೇರಿಸಿ. ಎಲ್ಲ ನೀರನ್ನೂ ಬಳಸಲೇಬೇಕೆಂದಿಲ್ಲ. ತಣ್ಣೀರು ಹಾಕಿದರೆ ಬೇಯುವುದು ನಡುವೆ ನಿಂತು ಪಾಸ್ತಾ ಅಂಟಾಗುತ್ತದೆ. ಸೀದ ವಾಸನೆ ಬಂದರೆ ತಳ ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ವರ್ಗಾಯಿಸಿ.

ಹಂತ 5. ಪಾಸ್ತಾ ಬೆಂದು, ಸೌಟಿನಿಂದ ಇನ್ನೂ ಸರಾಗವಾಗಿ ಬೀಳುತ್ತಿರುವಾಗ ಒಲೆ ಆರಿಸಿ. ತುರಿದ ಚೀಸ್, ಕುಟ್ಟಿದ ಮೆಣಸು ಬೆರೆಸಿ ಐದು ನಿಮಿಷ ಮುಚ್ಚಿಡಿ. ಉಪ್ಪನ್ನು ಚೀಸ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿ.

## ಉಳಿದದ್ದು, ಮತ್ತು ಫ್ರಿಜ್

ಹಾಲು, ಚೀಸ್, ಆಲೂಗಡ್ಡೆ ಇರುವ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಹವೆ ತಂಪಾಗಿದೆಯೆಂದು ರಾತ್ರಿಯಿಡೀ ಒಲೆಯ ಮೇಲೆ ಬಿಡಬಾರದು. ಕರೆಂಟ್ ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬಾರದಿದ್ದರೆ ಹಾಲು ಬೆರೆತವನ್ನು ಮುಲಾಜಿಲ್ಲದೆ ಚೆಲ್ಲಿ. ವಾಸನೆ ನೋಡಿ ತೀರ್ಮಾನಿಸಬೇಡಿ, ಕೆಟ್ಟದ್ದೆಲ್ಲ ನಾರುವುದಿಲ್ಲ.

ಸಾಸ್ ಬೆರೆತ ಪಾಸ್ತಾವನ್ನು ಬಿಸಿ ಮಾಡುವಾಗ ಬಾಣಲೆಗೆ ಮೊದಲು ಎರಡು ಚಮಚ ಬಿಸಿನೀರು, ಆಮೇಲೆ ಪಾಸ್ತಾ. ಕೆನೆ ಹಾಕಿದ ಸೂಪನ್ನು ಕುದಿಸದೆ ಬೆಚ್ಚಗೆ ಮಾಡುವ ಬದಲು, ಮಾಡುವಾಗಲೇ ಅರ್ಧವನ್ನು ಕೆನೆ ಹಾಕದೆ ಎತ್ತಿಟ್ಟುಕೊಳ್ಳುವುದು ಜಾಣತನ. ಮರುದಿನ ಅದನ್ನು ಚೆನ್ನಾಗಿ ಕುದಿಸಬಹುದು. ಪಾಸ್ತಾ ಆಲೂಗಡ್ಡೆ ರಾತ್ರಿ ಕಳೆಯುವಷ್ಟರಲ್ಲಿ ಕಡುಬಿನಷ್ಟು ಗಟ್ಟಿಯಾಗಿರುತ್ತದೆ. ಅದಕ್ಕೆ ಮತ್ತೆ ನೀರು ಹಾಕಿ ಹಿಂದಿನ ಹದಕ್ಕೆ ತರಲು ಹೋಗಬೇಡಿ. ಬಿಲ್ಲೆಗಳಾಗಿ ಕತ್ತರಿಸಿ, ತುಪ್ಪ ಸವರಿದ ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಬೇಯಿಸಿ, ಬೆಳಗಿನ ಕಾಫಿಯ ಜೊತೆಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನಿ.